ಒತ್ತಿದವರೆಲ್ಲ ನಮ್ಮವರೇ

ಯಲಹಂಕದ ಹತ್ತಿರದ ಸಿಂಗಾಪುರದ ಮುನಿಆಂಜಿನಪ್ಪನವರಿಗೆ ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಯಾರನ್ನಾದರೂ ಬೈಯದಿದ್ದರೆ ಆ ದಿನ ಶುರುವಾದ ಹಾಗೇ ಅನಿಸುತ್ತಿರಲಿಲ್ಲ. ಎಷ್ಟೋ ವರ್ಷ ಈ ಗೌರವ ಸರದಿಯ ಪ್ರಕಾರ ಸಲ್ಲುತ್ತಿತ್ತು. ಒಂದು ದಿನ ನೀರು ಬಿಡುವವನಿಗೆ, ಒಂದು ದಿನ ಎದುರು ಮನೆಯ ನಾಯಿಗೆ, ಮಿಕ್ಕ ದಿನಗಳಲ್ಲಿ ಊರನ್ನು ತೆಗೆದುಕೊಂಡು ಹೋಗಿ ಬೆಂಗಳೂರಿಗೆ ಸೇರಿಸಿದವರಿಗೆ. ಊರು ಬೆಂಗಳೂರಿಗೆ ಸೇರಿದ್ದರಿಂದ ಅವರ ಪಂಚಾಯ್ತಿ ಮೆಂಬರ್‌ಗಿರಿ ಹೋಗಿತ್ತು. ಪಂಚಾಯ್ತಿಯೇ ಇಲ್ಲದ ಮೇಲೆ ಮೆಂಬರ್ ಎಲ್ಲಿಂದ ಇರಬೇಕು? ಆದರೂ ಅಂಗಡಿಯ ಬೋರ್ಡಿನ ಮೇಲೆ, ಸ್ಕೂಟರಿನ ಹಣೆಯ ಮೇಲೆ, ನೆಂಟರ ಮದುವೆ ಪತ್ರಿಕೆಗಳಲ್ಲಿ 'ಮೆಂಬರ್' ಹಾಗೇ ಉಳಿದುಕೊಂಡಿತು. 'ಮಾಜಿ' ಎಂದು ಸೇರಿಸಲು ಹೋದ ಪೇಂಟರಿಗೆ, "ಜಾಗ ಸಾಲಲ್ಲ, ಬುಡು" ಎಂದಿದ್ದರು. ಬೋರ್ಡಿನಲ್ಲಿ ಇನ್ನೊಂದು ಅಡಿ ಜಾಗವಿತ್ತು.

ಈಚಿನ ವರ್ಷಗಳಲ್ಲಿ ಮಾತ್ರ ಸರದಿ ನಿಂತುಹೋಗಿತ್ತು. ಬೈಗುಳವೆಲ್ಲ ಒಬ್ಬನಿಗೇ ಮೀಸಲು. ಅವನು ಚಿಕ್ಕಮಾರಯ್ಯ, ಹೆಂಡತಿ ಮುನಿಕೆಂಪಮ್ಮನ ಒಡಹುಟ್ಟಿದ ತಮ್ಮ.

ಮುನಿಆಂಜಿನಪ್ಪನವರದು ಶಾಮಿಯಾನದ ಅಂಗಡಿ. ಮೆಂಬರಾಗಿದ್ದಾಗ ಅವರು ರಾಜಕೀಯದಿಂದ ಕಲಿತ ಪಾಠ ಒಂದೇ: ಚುನಾವಣೆಯಲ್ಲಿ ಗೆದ್ದವನಾಗಲಿ ಸೋತವನಾಗಲಿ, ಶಾಮಿಯಾನದವನಿಗೆ ಮಾತ್ರ ಬಾಡಿಗೆ ಕೊಟ್ಟೇ ಕೊಡುತ್ತಾನೆ. ಹೊಲ ಸೈಟುಗಳಾದಾಗ ಬಂದ ದುಡ್ಡಿನಲ್ಲಿ ಕಂಬ, ಹಗ್ಗ, ಬಟ್ಟೆ, ಕೊಪ್ಪರಿಗೆ, ಜಮಖಾನ, ರಾಶಿ ಕುರ್ಚಿಗಳನ್ನು ಕೊಂಡರು. ಕೊಂಡದ್ದೆಲ್ಲದರ ಮೇಲೂ ಕೆಂಪು ಪೇಂಟಿನಲ್ಲಿ ಹೆಸರು ಬರೆಸಿದರು. ಪ್ರತಿ ಕುರ್ಚಿಯ ಬೆನ್ನ ಮೇಲೆ 'ಮೆಂಬರ್ ಮುನಿಆಂಜಿನಪ್ಪ, ಸಿಂಗಾಪುರ.' ಸೌಟಿನ ಹಿಡಿಯ ಮೇಲೆ ನಿಜವಾಗಿಯೂ ಜಾಗ ಸಾಲದೆ 'ಮೆಂಬರ್' ಅಂತ ಮಾತ್ರ.

ಚಿಕ್ಕಮಾರಯ್ಯ ಅವರ ಕೈಕೆಳಗೆ ಕಂಬ ನೆಟ್ಟು ಹಗ್ಗ ಕಟ್ಟಿದವನು. ಒಂದು ಯುಗಾದಿ ಕಳೆದದ್ದೇ ಬಿಟ್ಟುಹೋಗಿ, ಸಹಕಾರನಗರದಲ್ಲಿ ಗಾಜಿನ ಬಾಗಿಲ ಅಂಗಡಿ ತೆಗೆದು 'ಸಿ.ಎಂ. ಇವೆಂಟ್ಸ್' ಎಂದು ಬೋರ್ಡು ಹಾಕಿದ.

"ಅದೇ ಕಂಬ, ಅದೇ ಗೂಟ. ಕಂಬಕ್ಕೆ ಬಿಳೀ ಬಟ್ಟೆ ಸುತ್ಬುಟ್ರೆ ಇವೆಂಟ್ಸಾ?" ಎಂದು ಮುನಿಆಂಜಿನಪ್ಪನವರು ದಿನಾ ಹೆಂಡತಿಯನ್ನು ಕೇಳುತ್ತಿದ್ದರು.

"ಜನ ಅವನ್ನೇ ಕರೀತಾರಲ್ಲ," ಎನ್ನುತ್ತಿದ್ದಳು ಮುನಿಕೆಂಪಮ್ಮ.

"ಜನಕ್ಕೇನ್ ಗೊತ್ತು?"

ಜನರಿಂದ ಆರಿಸಿ ಬಂದಿದ್ದವರೊಬ್ಬರು ಜನರ ಬಗ್ಗೆ ಇಟ್ಟುಕೊಂಡಿದ್ದ ಅಭಿಪ್ರಾಯ ಇದು.

ಎರಡು ಸಾವಿರದ ಹದಿನೈದರ ಆಷಾಢ ಕಳೆದ ಮೇಲೆ ಒಂದು ಭಾನುವಾರ ಚಿಕ್ಕಮಾರಯ್ಯ ಅಕ್ಕನ ಮನೆಗೆ ಬಂದ. ಕಾರಿನಲ್ಲಿ ಬಂದು ಅದನ್ನು ಭಾವನ ಸ್ಕೂಟರಿನ ಮುಂದೆ, ಸ್ಕೂಟರು ಆಚೆಗೆ ತೆಗೆಯಲಾಗದ ಹಾಗೆ ನಿಲ್ಲಿಸಿದ. ಮುದ್ದೆ ಉಂಡ, ಕೈ ತೊಳೆದ, ಆಮೇಲೆ ಬಾಯಿ ಬಿಟ್ಟ.

"ಭಾವ, ಒಂದ್ ಮಾತು. ಬೇಜಾರ್ ಮಾಡ್ಕೋಬೇಡಿ."

"ಬೇಜಾರ್ ಮಾಡ್ಸೋಕೇ ಬಂದಿದೀಯ. ಯೋಳು."

"ಗೋಡೌನ್‌ನಲ್ಲಿ ನಿಮ್ಮ ಸಾಮಾನು ಇಲಿ ತಿಂತಾ ಐತೆ. ದೀಪಾವಳಿ ಆದ್ಮೇಲೆ ಮದುವೆ ಸೀಸನ್ನು. ಆ ಸೀಸನ್ನಲ್ಲೂ ಹೊಸ ಲೇಔಟ್ ಜನರ ಕಡೆಯಿಂದ ಆರ್ಡರ್ ಬರ್ದೇ ಇದ್ರೆ, ಎಲ್ಲಾ ನಂಗ್ ಕೊಟ್ಬಿಡಿ. ನೀವು ಸುಮ್ನೆ ನಮ್ ಶಾಪಲ್ಲಿ ಬಂದು ಕೂತ್ಕೊಳಿ. ಫ್ಯಾನ್ ಐತೆ. ಬಂದೋರಿಗೆ ನಮಸ್ಕಾರ ಹೇಳೋದು, ಕುಡಿಯೋಕೆ ನೀರ್ ಕೊಡೋದು. ಅಷ್ಟೇ ಕೆಲಸ."

ಮುನಿಕೆಂಪಮ್ಮ ಒಳಗಿನಿಂದ, "ನೆಳ್ಳಲ್ಲಿ ಕೂರೋ ಕೆಲ್ಸಾನೇ ಅಲ್ವ," ಎಂದಳು.

ಚಿಕ್ಕಮಾರಯ್ಯ ಜೇಬಿನಿಂದ ಫೋನು ತೆಗೆದು ಭಾವನ ಮೂಗಿನ ಹತ್ತಿರ ಹಿಡಿದ. "ಈಗ ಜನ ಅಂಗಡಿ ಬಾಗಿಲಿಗೆ ಬರಲ್ಲ ಭಾವ, ಇದ್ರಲ್ಲಿ ಹುಡುಕ್ತಾರೆ. ನೋಡಿ, ಶಾಮಿಯಾನ ಅಂತ ಹಾಕ್ದೆ. ಮೊದಲ್ನೇದು ಯಾರು? ನಾನು. ದುಡ್ಡು ಕಟ್ಟಿ ಜಾಹೀರಾತು ಹಾಕಿದೀನಿ. ನೀವೆಲ್ಲಿದೀರ ನೋಡೋಣ." ಬೆರಳಿನಿಂದ ಕೆಳಕ್ಕೆ ಎಳೆದ. ಇನ್ನೂ ಎಳೆದ. ಯಶವಂತಪುರದ ಯಾವುದೋ ಪಾತ್ರೆ ಅಂಗಡಿ ಬಂತು, ತುಮಕೂರಿನದೊಂದು ಬಂತು. "ನೀವು ಬರೋದೇ ಇಲ್ಲ."

ಊರಿನ ಯಾವ ಫ್ಲೆಕ್ಸಿನಲ್ಲೂ ತಮ್ಮ ತಲೆ ಎರಡನೆಯ ಸಾಲಿಗೆ ಇಳಿಯಲು ಬಿಡದ ಮನುಷ್ಯ ಅವರು. ಗಣೇಶನ ಫ್ಲೆಕ್ಸಿನಲ್ಲಿ ಗಣೇಶನಿಗಿಂತ ಒಂದು ಗೇಣು ಮಾತ್ರ ಚಿಕ್ಕವರಾಗಿರುತ್ತಿದ್ದರು. ಕಾರು ಹೋದ ಮೇಲೆ ಸ್ಕೂಟರು ತೆಗೆದು ನೇರವಾಗಿ ವಿದ್ಯಾರಣ್ಯಪುರದ ಗಿರಿಯ ಅಂಗಡಿಗೆ ಹೋದರು.

ಆ ಫ್ಲೆಕ್ಸುಗಳನ್ನೆಲ್ಲ ಮಾಡಿಕೊಟ್ಟವನೇ ಈ ಗಿರಿ. ಆ ವರ್ಷ ಅವನೂ ಬೋರ್ಡಿನ ಕೆಳಗೆ 'ಡಿಜಿಟಲ್ ಮಾರ್ಕೆಟಿಂಗ್' ಎಂದು ಒಂದು ಸಾಲು ಅಂಟಿಸಿದ್ದ. ಮುನಿಆಂಜಿನಪ್ಪನವರು ಸ್ಟೂಲಿನ ಮೇಲೆ ಕೂತು, "ಫೋನಲ್ಲಿ ನಾನ್ ಮೇಲ್ ಬರ್ಬೇಕು. ಅವನು ಕೆಳಗಿರ್ಬೇಕು," ಎಂದರು. ಯಾವ 'ಅವನು' ಎಂದು ಗಿರಿ ಕೇಳಲಿಲ್ಲ.

"ಆಗುತ್ತೆ ಮೆಂಬರ್ರೇ. ಜನ ಏನೋ ಹುಡುಕ್ತಾರಲ್ಲ, ಆಗ ಮೇಲ್ಗಡೆ ನಿಮ್ಮ ಜಾಹೀರಾತು ಬರುತ್ತೆ. ಬಂದಿದ್ದಕ್ಕೆ ಕಾಸಿಲ್ಲ. ಯಾರಾದ್ರೂ ಅದನ್ನ ಒತ್ತಿದ್ರೆ ಮಾತ್ರ, ಒಂದೊಂದು ಒತ್ತಿಗೆ ಇಷ್ಟು ಅಂತ ನಿಮ್ಮ ದುಡ್ಡು ಹೋಗುತ್ತೆ. ದಿನಕ್ಕೆ ಇಷ್ಟೇ ಅಂತ ನಾವೊಂದು ಮಿತಿ ಹಾಕಿರ್ತೀವಿ. ಅದು ಮುಗೀತಾ, ಆವತ್ತಿನ ಮಟ್ಟಿಗೆ ನೀವು ಮಾಯ. ಅರ್ಥ ಆಯ್ತಾ?"

"ಆಯ್ತು. ಫೋಟೋಕ್ಕೆ ಬಿಳೀ ಶರ್ಟು ಆಕ್ಕಂಡ್ ಬರ್ಲಾ?"

"ಫೋಟೋ ಬರಲ್ಲ. ಬರೀ ಅಕ್ಷರ, ಮೂರು ಸಾಲು."

"ಕೈ ಮುಗಿದಿರೋದು?"

"ಯಾವುದೂ ಬರಲ್ಲ."

"ಅಂಗಾದ್ರೆ ಅದು ನಾನೇ ಅಂತ ಜನಕ್ಕೆ ಎಂಗ್ ಗೊತ್ತಾಗ್ತದೆ?"

ಕೊನೆಗೆ, ಜಾಹೀರಾತನ್ನು ಒತ್ತಿದರೆ ತೆರೆಯುವ ಪುಟದಲ್ಲಿ ಫೋಟೋ ಹಾಕುವುದೆಂದು ರಾಜಿಯಾಯಿತು. ಕೈ ಮುಗಿದು ನಿಂತ ಮುನಿಆಂಜಿನಪ್ಪನವರು ಫೋನಿನ ತುಂಬ. ಅವರ ಕೆಳಗೆ 'ಶುಭ ಕೋರುವವರು' ಎಂದು ನೆಂಟರ ಪಟ್ಟಿ. ಪಟ್ಟಿಯ ಕೆಳಗೆ ಶಾಮಿಯಾನದ ಒಂದು ಚಿತ್ರ. ಅದರ ಕೆಳಗೆ, ಹೆಬ್ಬೆರಳು ನೋಯುವಷ್ಟು ಎಳೆದವರಿಗೆ, ಫೋನ್ ನಂಬರು.

"ಇನ್ನು ಜನ ಏನಂತ ಹುಡುಕಿದ್ರೆ ನೀವು ಬರ್ಬೇಕು, ಆ ಪದ ಹೇಳಿ," ಎಂದ ಗಿರಿ.

"ಮೆಂಬರ್ ಮುನಿಆಂಜಿನಪ್ಪ."

"ಗೊತ್ತಿಲ್ಲದೋರು ಹಂಗೆ ಹುಡುಕಲ್ಲ ಮೆಂಬರ್ರೇ."

"ನನ್ನ ಗೊತ್ತಿಲ್ದೋರು ಯಾರವ್ರೆ?"

ಗಿರಿ ಅದನ್ನೂ ಟೈಪು ಮಾಡಿಕೊಂಡ. ತಾನಾಗಿಯೇ 'ಶಾಮಿಯಾನ ಬಾಡಿಗೆ', 'ಯಲಹಂಕ', 'ಹೆಬ್ಬಾಳ' ಅಂತೆಲ್ಲ ಸೇರಿಸಿದ. ಮುನಿಆಂಜಿನಪ್ಪನವರು ಏಳುವಾಗ ಇನ್ನೊಂದು ಸೇರಿಸಿದರು: "ಸಿ.ಎಂ. ಇವೆಂಟ್ಸ್ ಅಂತ ಉಡ್ಕಿದ್ರೂ ನಾನೇ ಬರ್ಬೇಕು. ಅವನ ಮನೆ ಕದ ತಟ್ಟಿದೋರ್ಗೆ ಬಾಗ್ಲು ನಾನ್ ತೆಗೀತೀನಿ."

ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಜಾಹೀರಾತು ಶುರುವಾದ ದಿನ ತಮ್ಮ ಹೆಸರು ಎಲ್ಲರಿಗಿಂತ ಮೇಲೆ ಕಂಡು, ಮುನಿಆಂಜಿನಪ್ಪನವರು ಒಂದು ಬಾಡೂಟ ಹಾಕಿಸಿದರು. ಬ್ಯಾಟರಾಯನಪುರ, ಕೊಡಿಗೇಹಳ್ಳಿ, ಸಂಜಯನಗರ, ಎಲ್ಲ ಕಡೆಯಿಂದ ನೆಂಟರು ಬಂದರು. ಚಿಕ್ಕಮಾರಯ್ಯನೊಬ್ಬನನ್ನು ಬಿಟ್ಟು. ಮಟನ್ ಸಾರು ಬಡಿಸುವ ಮೊದಲು ಎದ್ದು ನಿಂತು ಮಾತಾಡಿದರು. ಹಸಿದವರ ಮುಂದೆ ಭಾಷಣ ಮಾಡುವ ಈ ಪದ್ಧತಿ ಅವರಿಗೆ ಪಂಚಾಯ್ತಿ ಕಾಲದಿಂದ ಬಂದದ್ದು.

"ನಿಮ್ಮನಿಮ್ಮ ಮನೆ ಕಾರ್ಯಕ್ಕೆ ಯಾರ್ ಚಪ್ಪರ ಆಕಿದ್ದು?"

"ನೀವೇ," ಎಂದಿತು ಗುಂಪು, ಕಣ್ಣು ಅಡಿಗೆಮನೆಯ ಕಡೆ.

"ಮುಯ್ಯಿ ಅಂತ ಒಂದಿರ್ತದಲ್ವಾ? ನಂಗೆ ಪಂಚೆ ಬ್ಯಾಡ, ಪಾತ್ರೆ ಬ್ಯಾಡ. ಬೆಳಿಗ್ಗೆ ಎದ್ದ ತಕ್ಷಣ ಫೋನ್ ತೆಗೀರಿ. ಶಾಮಿಯಾನ ಅಂತ ಉಡ್ಕಿ. ಮೇಲ್ಗಡೆ ನಾನಿರ್ತೀನಿ. ಒಂದ್ಸಲ ಒತ್ರಿ. ಅಷ್ಟೇ ನನ್ ಮುಯ್ಯಿ."

ನಮ್ಮ ಕಡೆ ಮುಯ್ಯಿ ಅಂದಮೇಲೆ ಹುಡುಗಾಟದ ಮಾತಲ್ಲ. ಒಬ್ಬರ ಮನೆಯ ಮದುವೆಗೆ ಇಟ್ಟ ಸ್ಟೀಲು ಬಿಂದಿಗೆಯನ್ನು ಇಪ್ಪತ್ತು ವರ್ಷದ ಮೇಲೆ ತೂಕದ ಸಮೇತ ನೆನಪಿಟ್ಟು ತೀರಿಸುವ ಜನ. ಮಾರನೆಯ ಬೆಳಿಗ್ಗೆಯಿಂದ ಎಲ್ಲರೂ ಒತ್ತತೊಡಗಿದರು. ಒತ್ತಿ, ಒತ್ತಿದ್ದಕ್ಕೆ ಲೆಕ್ಕ ಇರಲೆಂದು ಫೋನೂ ಮಾಡಿದರು. "ಒತ್ತಿದೀವಿ ಮಾವ, ನೋಡ್ಕೊಳಿ." "ಇವತ್ತು ನಮ್ಮೆಜಮಾನ್ರು ಊರಲ್ಲಿಲ್ಲ, ಅವರ್ದೂ ನಾನೇ ಒತ್ತಿದೆ." ಕೊಡಿಗೇಹಳ್ಳಿಯ ಸೋದರತ್ತೆ ಮುನಿಶಾಮಮ್ಮನಿಗೆ ಓದು ಬಾರದು. ಮೊಮ್ಮಗಳು ಮಾಲಾ ಹುಡುಕಿಕೊಟ್ಟರೆ, ಮುದುಕಿ ಸ್ನಾನ ಮಾಡಿ ಕುಂಕುಮ ಇಟ್ಟುಕೊಂಡು ಬಂದು ಒತ್ತುತ್ತಿದ್ದಳು.

ಮುನಿಆಂಜಿನಪ್ಪನವರ ಮುಖದಲ್ಲಿ ಮೆಂಬರ್‌ಗಿರಿಯ ಕಾಲದ ಕಳೆ ಬಂತು. ಗಿರಿ ಕೊಟ್ಟ ಲೆಕ್ಕದಲ್ಲಿ ಒತ್ತಿದವರ ಸಂಖ್ಯೆ ದಿನದಿಂದ ದಿನಕ್ಕೆ ಏರುತ್ತಿತ್ತು. "ಇಷ್ಟು ಲೀಡು ಎಲೆಕ್ಸನ್ನಲ್ಲೂ ಬಂದಿರ್ಲಿಲ್ಲ," ಎಂದರು ಹೆಂಡತಿಗೆ.

"ಆರ್ಡರ್ ಬಂತಾ?"

"ಬರ್ತದೆ."

ಬರಲಿಲ್ಲ. ಗೌರಿ ಹಬ್ಬ ಹೋಯಿತು, ಗಣೇಶ ಮುಳುಗಿದ, ದಸರಾ ಮುಗಿಯಿತು. ಅಂಗಡಿಯ ಫೋನು ಬೆಳಿಗ್ಗೆ ಒಂಬತ್ತರವರೆಗೆ ನೆಂಟರಿಂದ ಬಡಿದುಕೊಂಡು ಆಮೇಲೆ ಸತ್ತ ಹಾಗೆ ಬಿದ್ದಿರುತ್ತಿತ್ತು. ಒಂದು ಮಧ್ಯಾಹ್ನ ಮುನಿಆಂಜಿನಪ್ಪನವರು ತಾವೇ ಹುಡುಕಿ ನೋಡಿದರು. ಮೊದಲನೆಯದು ಚಿಕ್ಕಮಾರಯ್ಯ. ತಾವು ಎಲ್ಲೂ ಇಲ್ಲ. ಸ್ಕೂಟರು ಮತ್ತೆ ವಿದ್ಯಾರಣ್ಯಪುರಕ್ಕೆ ಹೋಯಿತು.

"ದುಡ್ಡು ತಗಂಡು ನಾಮ ಆಕಿದೀಯೇನೋ?"

"ನಾಲಿಗೆ ಬಿಗಿ ಹಿಡಿದು ಮಾತಾಡಿ ಮೆಂಬರ್ರೇ. ನಿಮ್ಮ ದಿನದ ಮಿತಿ ಬೆಳಿಗ್ಗೆ ಒಂಬತ್ತಕ್ಕೇ ಖಾಲಿ ಆಗ್ತಾ ಇದೆ. ಯಾರೋ ಬೇಕಂತ ಒತ್ತಿ ಖಾಲಿ ಮಾಡ್ತಾ ಇದಾರೆ. ಯಾರೋ ನಿಮಗಾಗದೇ ಇರೋರು."

"ಒತ್ತಿದೋರೆಲ್ಲ ನಮ್ಮೋರೇ ಕಣೋ," ಎಂದರು ಮುನಿಆಂಜಿನಪ್ಪನವರು ಹೆಮ್ಮೆಯಿಂದ. "ನಾನೇ ಯೋಳಿದ್ದು."

ಗಿರಿ ಕುರ್ಚಿಯನ್ನು ಅವರ ಕಡೆಗೆ ತಿರುಗಿಸಿದ. "ಒಂದೊಂದ್ ಒತ್ತಿಗೂ ದುಡ್ಡು ಹೋಗುತ್ತೆ ಅಂದಿದ್ದೆ."

"ಬೇರೆಯೋರು ಒತ್ತಿದ್ರೆ ಓಗ್ತದೆ. ನಮ್ಮೋರು ಒತ್ತಿದ್ರೂ ಓಗ್ತದಾ?"

"ಅದಕ್ಕೆ ನಿಮ್ಮ ನೆಂಟಸ್ತಿಕೆ ಗೊತ್ತಿಲ್ಲ. ನಿಮ್ಮೋರು ಬೆಳಿಗ್ಗೆ ಎಲ್ಲಾ ಒತ್ತಿ ಮುಗಿಸ್ತಾರೆ. ಹತ್ತು ಗಂಟೆಗೆ ನಿಜವಾದ ಗಿರಾಕಿ ಹುಡುಕಿದ್ರೆ ನೀವಿಲ್ಲ, ಚಿಕ್ಕಮಾರಯ್ಯ ಇರ್ತಾನೆ. ನೀವು ಬಾಡೂಟ ಹಾಕಿ ಅವನಿಗೆ ವ್ಯಾಪಾರ ಮಾಡಿಸ್ತಾ ಇದೀರ. ಮೊದಲು ಅವರಿಗೆ ಫೋನ್ ಮಾಡಿ, ಒತ್ತಬೇಡಿ ಅನ್ನಿ."

ಹೇಳುವುದು ಸುಲಭ. ಕೇಳಿ ಪಡೆದ ಮುಯ್ಯಿಯನ್ನು ಬೇಡ ಎಂದವರು ಆ ಕುಲದಲ್ಲಿ ಯಾರೂ ಇರಲಿಲ್ಲ. ಬ್ಯಾಟರಾಯನಪುರದವರು, "ಯಾಕೆ, ನಮ್ಮ ಕೈಗುಣ ಸರಿಯಿಲ್ವಾ?" ಎಂದು ಫೋನಿಟ್ಟರು. ಸಂಜಯನಗರದವರು, ಯಾರ್ಯಾರಿಗೆ ಬೇಡ ಅಂದಿದ್ದೀರಿ, ಯಾರಿಗೆ ಅಂದಿಲ್ಲ ಎಂದು ವಿಚಾರಿಸಿದರು. ಮುನಿಶಾಮಮ್ಮನಂತೂ, "ನಿಮ್ಮಪ್ಪ ನನ್ ಮದುವೇಲಿ ಕೊಟ್ಟ ಹಸೂನ ನಾನು ಬ್ಯಾಡ ಅಂದಿದ್ನೇನ್ಲಾ ಆಂಜಿನಿ? ನಾನು ಒತ್ತೋಳೇ," ಎಂದಳು.

ಈಗ ಬೇರೆ ಯಾರಾದರೂ ಆಗಿದ್ದರೆ ಜಾಹೀರಾತು ನಿಲ್ಲಿಸಿ ಸುಮ್ಮನಾಗುತ್ತಿದ್ದರು. ಮುನಿಆಂಜಿನಪ್ಪನವರಿಗೆ ಅಂಗಳದಲ್ಲಿ ಕೂತಿದ್ದಾಗ ಬೇರೆಯೇ ಯೋಚನೆ ಬಂತು. ನಮ್ಮವರು ಒತ್ತಿ ನನ್ನನ್ನು ಒಂಬತ್ತು ಗಂಟೆಗೆ ಮಾಯ ಮಾಡುವುದಾದರೆ, ಅವನನ್ನೂ ಮಾಡಬಹುದು. ಮತ್ತೆ ಎಲ್ಲರಿಗೂ ಫೋನು ಹೋಯಿತು: ನಂದು ಬಿಡಿ, ನಾಳೆಯಿಂದ ಚಿಕ್ಕಮಾರನದನ್ನ ಒತ್ತಿ.

"ನನ್ ತಮ್ಮನ ಮೇಲೆ ಊರನ್ನೆಲ್ಲ ಎತ್ತಿ ಕಟ್ತೀರಾ?" ಎಂದಳು ಮುನಿಕೆಂಪಮ್ಮ.

"ನಿನ್ ತಮ್ಮ ನನ್ನ ನೀರ್ ಕೊಡೋಕೆ ಕರ್ದಾಗ ಎಲ್ಲೋಗಿದ್ದೆ?"

"ಇಲ್ಲೇ ಇದ್ದೆ. ಸಾರಿಗೆ ಒಗ್ಗರಣೆ ಆಕ್ತಾ ಇದ್ದೆ," ಎಂದು ಅವಳು ಎದ್ದುಹೋದಳು. ಅವತ್ತು ಮನೆಯಲ್ಲಿ ಒಗ್ಗರಣೆ ಬೀಳಲಿಲ್ಲ.

ನೆಂಟರು ಮಾತಿಗೆ ತಪ್ಪಲಿಲ್ಲ. ಚಿಕ್ಕಮಾರಯ್ಯನ ಜಾಹೀರಾತನ್ನು ಶ್ರದ್ಧೆಯಿಂದ ಒತ್ತಿದರು. ಆದರೆ ಅವನ ಪುಟದಲ್ಲಿ ಅವನ ಮುಖವೇ ಇರಲಿಲ್ಲ. ಇದ್ದದ್ದು ಹೂವಿನ ಮಂಟಪ, ಕಂಬಕಂಬಕ್ಕೂ ಸೀರಿಯಲ್ ಸೆಟ್ಟಿನ ದೀಪ, ರಾಣಿ ಕೂರುವಂಥ ಸೋಫಾ. ಕೆಳಗೆ ಎಳೆಯುವ ಗೋಜೇ ಇಲ್ಲದೆ ಎದುರಿಗೇ ಫೋನ್ ನಂಬರು. ಮುನಿಶಾಮಮ್ಮ ಸ್ನಾನ ಮಾಡಿ ಬಂದು ಒತ್ತಿದಳು, ಮಂಟಪ ನೋಡಿದಳು. ಮೊಮ್ಮಗಳನ್ನು ನೋಡಿದಳು. ಮಾಲಾಳ ಮದುವೆ ಕಾರ್ತಿಕ ಮಾಸಕ್ಕೆ ನಿಶ್ಚಯವಾಗಿತ್ತು. ದೀಪಾವಳಿಯ ಮಾರನೆಯ ದಿನ ಮುದುಕಿಯೇ ಫೋನು ಮಾಡಿ ಸುದ್ದಿ ಹೇಳಿದಳು.

"ಆಂಜಿನಿ, ಮಾಲನ್ ಮದುವೆ ಚಪ್ಪರ ಚಿಕ್ಕಮಾರಂಗೆ ಯೋಳಿದೀನಿ. ನೀನು ತೋರ್ಸಿದ್ದಕ್ಕೆ ಒಳ್ಳೇದಾಯ್ತು ಕಣ್ಲಾ. ನಂಗೆ ಗೊತ್ತೇ ಇರ್ಲಿಲ್ಲ."

ಮುನಿಆಂಜಿನಪ್ಪನವರು ಫೋನಿಟ್ಟರು. ಸೀಸನ್ನಿನ ಮೊದಲ ಮದುವೆ, ಅದೂ ತಮ್ಮ ಕುಲದ ಮದುವೆ ಹೋಗಿತ್ತು. ಲೇಔಟಿನಿಂದ ಬಂದದ್ದು ಏನೂ ಇಲ್ಲ. ಸಹಕಾರನಗರದ ಆ ಫ್ಯಾನಿನ ಗಾಳಿ ಈಗಲೇ ಕತ್ತಿನ ಹಿಂದೆ ಬೀಸಿದ ಹಾಗಾಯಿತು.

ಮದುವೆಯ ಹಿಂದಿನ ದಿನ ಮುನಿಕೆಂಪಮ್ಮ ಬಾಗಿಲಲ್ಲಿ ನಿಂತು, ಗೋಡೆಗೆ ಹೇಳುವ ಹಾಗೆ ಹೇಳಿದಳು: "ತಮ್ಮ ಫೋನ್ ಮಾಡಿದ್ದ. ಕುರ್ಚಿ ಕಮ್ಮಿ ಬಿದ್ದಾವಂತೆ. ಅದೇ ದಿನ ಇನ್ನೊಂದು ಮದುವೆ ಒಪ್ಕಂಡವನೆ."

"ಬೀಳ್ಲಿ. ನಿಂತ್ಕಂಡ್ ಉಣ್ಲಿ."

ಅವಳು ಒಳಗೆ ಹೋದ ಮೇಲೆ ಅವರು ಗೋಡೌನಿನ ಕದ ತೆಗೆದರು. ರಾಶಿ ರಾಶಿ ಕುರ್ಚಿ. ಒಂದೊಂದರ ಬೆನ್ನ ಮೇಲೂ ಕೆಂಪಕ್ಷರದಲ್ಲಿ ತಾವು. ಇಡೀ ಕುಲ ಕೂತಿರುವಾಗ, ಹಿಂದಿನ ಸಾಲಿನವರಿಗೆಲ್ಲ ಮುಂದಿನ ಸಾಲಿನ ಬೆನ್ನು ಕಾಣುತ್ತದೆ. ಚಿಕ್ಕಮಾರನ ಮಂಟಪದಲ್ಲಿ ಎಲ್ಲಿ ನೋಡಿದರೂ ಮೆಂಬರ್ ಮುನಿಆಂಜಿನಪ್ಪ.

"ವ್ಯಾನ್ ಕಳ್ಸು ಅನ್ನು," ಎಂದು ಒಳಗೆ ಕೂಗಿದರು.

ವ್ಯಾನಿನ ಡ್ರೈವರ್ ಖಾದರ್ ಬಾಷಾ ಬಂದು ಇದ್ದಬದ್ದ ಕುರ್ಚಿಗಳನ್ನೆಲ್ಲ ಹೇರಿಕೊಂಡು ಹೋದ. ಮಾರನೆಯ ದಿನ ಮುನಿಆಂಜಿನಪ್ಪನವರು ಇಸ್ತ್ರಿ ಮುರಿಯದ ಬಿಳಿ ಶರ್ಟು ತೊಟ್ಟು, ಬೇಕೆಂದೇ ಸ್ವಲ್ಪ ತಡವಾಗಿ, ಕೊಡಿಗೇಹಳ್ಳಿಯ ಮದುವೆ ಚಪ್ಪರದೊಳಕ್ಕೆ ಕಾಲಿಟ್ಟರು.

ಒಂದು ಕುರ್ಚಿಯ ಬೆನ್ನೂ ಕಾಣುತ್ತಿರಲಿಲ್ಲ. ಎಲ್ಲಕ್ಕೂ ತಲೆಯಿಂದ ಕಾಲಿನವರೆಗೆ ಬಿಳಿ ಗವಸು ತೊಡಿಸಿ, ಹಿಂದೆ ನೀಲಿ ರಿಬ್ಬನ್ನು ಕಟ್ಟಿತ್ತು.

ಅವರು ಯಾರಿಗೂ ನಮಸ್ಕಾರ ಮಾಡಲಿಲ್ಲ. ಕೊನೆಯ ಸಾಲಿನ ಖಾಲಿ ಕುರ್ಚಿಯ ಹತ್ತಿರ ಹೋಗಿ ರಿಬ್ಬನ್ನು ಎಳೆದು ಗವಸು ಕಿತ್ತು ನೆಲಕ್ಕೆ ಹಾಕಿದರು. ಪಕ್ಕದ್ದನ್ನು ಕಿತ್ತರು. ಅದರ ಪಕ್ಕದ್ದರಲ್ಲಿ ಬ್ಯಾಟರಾಯನಪುರದವರೊಬ್ಬರು ಕೂತಿದ್ದರು. "ಏಳು," ಎಂದರು, ಅವರು ಎದ್ದರು, ಗವಸು ಹೋಯಿತು. ಹಿಂದಿನ ಸಾಲು ಮುಗಿದು ಮುಂದಿನ ಸಾಲಿಗೆ ಬರುವಷ್ಟರಲ್ಲಿ ಮಂಟಪದಲ್ಲಿದ್ದ ಫೋಟೋಗ್ರಾಫರು ಯಾವ ಕಡೆ ತಿರುಗಬೇಕೆಂದು ತಿಳಿಯದೆ ಇವರ ಕಡೆಗೇ ತಿರುಗಿದ್ದ. ಚಿಕ್ಕಮಾರಯ್ಯ ಕೋಟಿನಲ್ಲಿ ಓಡಿಬಂದ.

"ಭಾವ, ಏನ್ ಮಾಡ್ತಾ ಇದೀರ?"

"ನನ್ ಕುರ್ಚಿ ಬಟ್ಟೆ ಬಿಚ್ತಾ ಇದೀನಿ. ನಿನ್ ಬಟ್ಟೆ ನೀನ್ ಎತ್ಕಂಡೋಗು."

"ಡೆಕೊರೇಷನ್ ಕೆಡುತ್ತೆ."

"ಕೆಡ್ಲಿ."

"ನಿಮ್ ಹೆಸರು ನೋಡೋಕೆ ಯಾರೂ ಬಂದಿಲ್ಲ ಇಲ್ಲಿ."

"ನಿನ್ನ ನೋಡೋಕೆ ಬಂದವ್ರಾ? ಕೋಟಾಕ್ಕಂಡು ಬ್ಯಾಂಡಿನೋನ್ ಇದ್ದಂಗಿದೀಯ."

ಮುಂದಿನ ಸಾಲಿನಿಂದ ಮುನಿಶಾಮಮ್ಮನ ದನಿ ಬಂತು. "ಧಾರೆ ಹೊತ್ನಾಗೆ ಏನ್ಲಾ ನಿಮ್ದು? ಕುಂತ್ಕಳ್ರಿ ಇಬ್ರೂ." ಅವಳು ಕೂತಿದ್ದ ಕುರ್ಚಿಯ ಗವಸು ಹಾಗೇ ಇತ್ತು. ಮುನಿಆಂಜಿನಪ್ಪನವರು ಅದರ ಹತ್ತಿರ ಬಂದು ರಿಬ್ಬನ್ನಿಗೆ ಕೈ ಹಾಕಿದರು. ಮುದುಕಿ ತಿರುಗಿ ನೋಡಿದಳು, ಆದರೆ ಏಳಲಿಲ್ಲ. ಅವರು ರಿಬ್ಬನ್ನು ಬಿಟ್ಟರು. ತಾವೇ ಬತ್ತಲೆ ಮಾಡಿದ ಕುರ್ಚಿಯೊಂದರಲ್ಲಿ, ತಮ್ಮ ಹೆಸರಿಗೆ ಬೆನ್ನು ಕೊಟ್ಟು, ಊಟದವರೆಗೆ ಕೂತರು.

ಎಲೆ ಎತ್ತಿದ ಮೇಲೆ ಚಿಕ್ಕಮಾರಯ್ಯ ಹತ್ತಿರ ಬಂದು ನಿಂತ. ಕೋಟು ಕಳಚಿದ್ದ.

"ಬಿಲ್ ಕಳಿಸಿ ಭಾವ. ಮುಂದಿನ ವಾರ ಯಲಹಂಕದಲ್ಲಿ ಇನ್ನೊಂದೈತೆ, ಅದಕ್ಕೂ ಕುರ್ಚಿ ಬೇಕು. ಸೀಸನ್ ಪೂರ್ತಿ ಬೇಕು. ಆದ್ರೆ ನೀವು ಬರ್ಬೇಡಿ."

ಮುನಿಆಂಜಿನಪ್ಪನವರು ಎಲೆಅಡಿಕೆಯನ್ನು ನಿಧಾನವಾಗಿ ಅಗಿದು ಮುಗಿಸಿದರು.

"ನನ್ನೆಸ್ರು ಕಾಣೋಂಗಿದ್ರೆ ಒಂದ್ ಬಾಡಿಗೆ. ಮುಚ್ಚೋದಾದ್ರೆ ಡಬಲ್."

ಚಿಕ್ಕಮಾರಯ್ಯ ಅಕ್ಕನ ಕಡೆ ನೋಡಿದ. ಮುನಿಕೆಂಪಮ್ಮ ಬೇರೆ ಕಡೆ ನೋಡುತ್ತಿದ್ದಳು. "ಆಯ್ತು," ಎಂದ.

ಹೀಗೆ ಆ ಸೀಸನ್ನಿನಲ್ಲಿ ಲೇಔಟಿನ ಆರ್ಡರು ಒಂದೂ ಬರದೆ, ಅಂಗಡಿಯೂ ಮುಚ್ಚದೆ ಉಳಿಯಿತು. ಸಹಕಾರನಗರದ ಫ್ಯಾನಿನ ಕೆಳಗೆ ಮುನಿಆಂಜಿನಪ್ಪನವರು ಹೋಗಿ ಕೂರಲಿಲ್ಲ. ಅವರ ಕುರ್ಚಿಗಳು ವಾರಕ್ಕೊಮ್ಮೆ ಗವಸು ತೊಟ್ಟುಕೊಂಡು ಹೋಗಿಬಂದವು. ಗಿರಿಗೆ ಜಾಹೀರಾತು ನಿಲ್ಲಿಸಲು ಹೇಳಿದರು. ಬ್ಯಾಟರಾಯನಪುರದವರು ಇವತ್ತಿಗೂ ಮಾತಾಡಿಸುವುದಿಲ್ಲ.

ಒಂದು ಅಭ್ಯಾಸ ಮಾತ್ರ ಉಳಿದಿದೆ. ಬೆಳಿಗ್ಗೆ ಎದ್ದು, ಹಲ್ಲುಜ್ಜುವ ಮುಂಚೆ, ಜಗಲಿಯ ಮೇಲೆ ಕೂತು ಸಿ.ಎಂ. ಇವೆಂಟ್ಸ್ ಎಂದು ಹುಡುಕುತ್ತಾರೆ. ಮೇಲ್ಗಡೆ ಬಂದ ಅವನ ಜಾಹೀರಾತನ್ನು ಹೆಬ್ಬೆರಳಿನಿಂದ, ತಿಗಣೆ ಹೊಸಕುವ ಹಾಗೆ, ಒಂದು ಸಲ ಒತ್ತುತ್ತಾರೆ.

"ಒತ್ತಿದ್ರಾ?" ಎಂದು ಮುನಿಕೆಂಪಮ್ಮ ಒಳಗಿನಿಂದ ಕೇಳುತ್ತಾಳೆ.

"ಒತ್ತಿದೆ."

"ಅವನಿಗೆ ದುಡ್ಡಿಲ್ದಂಗಾದ್ರೆ ನಿಮ್ಗೆ ಬಾಡಿಗೆ ಯಾರು ಕೊಡ್ತಾರೆ?"

ಅವರು ಫೋನನ್ನು ಜಗಲಿಯ ಮೇಲಿಟ್ಟು, ಹಲ್ಲುಪುಡಿ ಎಲ್ಲಿ ಎಂದು ಕೇಳುತ್ತಾರೆ.